ಅಳಿಸಬಾರದ ನಾಲ್ಕಕ್ಷರ: ಸಫೇದಿನ ಒಬ್ಬ ಚಿತ್ರಕಾರರ ಪ್ರಕರಣ

ಹಳೆಯ ಚಿತ್ರಗಳನ್ನು ದುರಸ್ತಿ ಮಾಡಿ ಉಳಿಸುವುದು ನನ್ನ ಕಸುಬು. ಮಂಗಳೂರಿನ ಬಂದರಿನ ಹತ್ತಿರ ಹುಟ್ಟಿ ಬೆಳೆದವಳಾದ್ದರಿಂದ ಬೂಷ್ಟು ಎಂದರೇನೆಂದು ನನಗೆ ಯಾರೂ ಕಲಿಸಬೇಕಾಗಿರಲಿಲ್ಲ. ಜುಲೈ ತಿಂಗಳಲ್ಲಿ ಬೀರುವಿನೊಳಗಿಟ್ಟ ಚರ್ಮದ ಚಪ್ಪಲಿಗೂ ಹಸಿರು ಗಡ್ಡ ಮೂಡುವ ಊರು ನಮ್ಮದು. ಇಸ್ರೇಲಿನ ಗಲಿಲಾಯ ಬೆಟ್ಟದ ಮೇಲಿರುವ ಸಫೇದಿನಲ್ಲಿ ಬೂಷ್ಟು ಹಿಡಿದ 37 ಕ್ಯಾನ್ವಾಸುಗಳಿವೆ, ಬರುತ್ತೀರಾ ಎಂದು ಕರೆ ಬಂದಾಗ ಎರಡು ತಿಂಗಳ ಕೆಲಸ ಎಂದು ಲೆಕ್ಕ ಹಾಕಿ ಹೊರಟೆ. ಮುಗಿಯುವ ಹೊತ್ತಿಗೆ ಒಂದು ವರ್ಷ ದಾಟಿತ್ತು, ನಾನು ಎರಡು ಸಲ ಹೋಗಿ ಬಂದಾಗಿತ್ತು.

ಮನೆಯವರ ಒಪ್ಪಿಗೆ ಪಡೆದೇ ಇದನ್ನು ಬರೆಯುತ್ತಿದ್ದೇನೆ. ಯಾರ ಹೆಸರೂ ಇಲ್ಲ. ಗುರುತು ಹತ್ತದಿರಲಿ ಎಂದು ಕೆಲವು ವಿವರಗಳನ್ನು ಆಚೀಚೆ ಮಾಡಿದ್ದೇನೆ. ಚಿತ್ರಕಾರರನ್ನು ಮನೆಮಂದಿ ‘ಸಬಾ’ ಎನ್ನುತ್ತಿದ್ದರು. ಹೀಬ್ರೂವಿನಲ್ಲಿ ಅಜ್ಜ ಎಂದರ್ಥ. ನಾನೂ ಹಾಗೇ ಕರೆಯುತ್ತೇನೆ.

ಊರು, ಮನುಷ್ಯ

ಸಫೇದ್ ಎಂದರೆ ನಮ್ಮ ಕಿವಿಗೆ ಹಿಂದಿಯ ‘ಬಿಳಿ’ ಕೇಳಿಸುತ್ತದೆ. ಊರಿನ ಬಣ್ಣ ಮಾತ್ರ ನೀಲಿ: ಬಾಗಿಲು, ಕಿಟಕಿ, ಜಗಲಿಯ ಕಂಬಿ ಎಲ್ಲಕ್ಕೂ ಆಕಾಶದ ನೀಲಿ ಬಳಿದಿರುತ್ತಾರೆ. 1492ರಲ್ಲಿ ಸ್ಪೇನ್ ತನ್ನ ಯಹೂದಿಗಳನ್ನು ಹೊರಗಟ್ಟಿದ ಮೇಲೆ ಚೆದುರಿ ಹೋದವರಲ್ಲಿ ಹಲವರು ಮುಂದಿನ ದಶಕಗಳಲ್ಲಿ ಈ ಬೆಟ್ಟ ಸೇರಿದರು. ಯಹೂದಿ ಅನುಭಾವದ ಪರಂಪರೆಯಾದ ಕಬ್ಬಾಲಾ 16ನೇ ಶತಮಾನದಲ್ಲಿ ಇಲ್ಲೇ ಹೊಸ ರೂಪ ಪಡೆಯಿತು. ಕಬ್ಬಾಲಾದ ಗುರು ಮೋಸೆ ಕೊರ್ದೊವೆರೊ ಇದ್ದದ್ದು ಇಲ್ಲಿ. 1570ರಲ್ಲಿ ಬಂದ ಇನ್ನೊಬ್ಬ ಗುರು ಇಸಾಕ್ ಲೂರಿಯಾ ಎರಡೇ ವರ್ಷದಲ್ಲಿ ಪ್ಲೇಗಿಗೆ ತುತ್ತಾದರು. ಅವರು ಬರೆದದ್ದು ತೀರ ಕಡಿಮೆ. ಅವರ ಮಾತು ಉಳಿದದ್ದು ಹಯ್ಯಿಂ ವಿತಾಲ್‌ರಂಥ ಶಿಷ್ಯರ ಬರಹದಿಂದ.

ಆ ಮಾತಿನ ತಿರುಳು ಇಷ್ಟು. ಮೊದಲಿಗೆ ಇದ್ದದ್ದು ಕೊನೆಯಿಲ್ಲದ್ದು ಒಂದೇ. ಲೋಕಕ್ಕೆ ಜಾಗ ಬೇಕಲ್ಲ, ಅದಕ್ಕಾಗಿ ಅದು ತನ್ನನ್ನು ತಾನೇ ಹಿಂದಕ್ಕೆ ಎಳೆದುಕೊಂಡಿತು. ಇದಕ್ಕೆ ‘ತ್ಸಿಮ್‌ತ್ಸುಮ್’ ಎನ್ನುತ್ತಾರೆ. ಆಮೇಲೆ ಹರಿದ ಬೆಳಕನ್ನು ತಡೆಯಲಾರದೆ ಪಾತ್ರೆಗಳು ಒಡೆದವು, ಕಿಡಿಗಳು ಚೆದುರಿದವು. ಅವನ್ನು ಆಯ್ದು ಒಟ್ಟುಗೂಡಿಸುವುದು ಮನುಷ್ಯನ ಪಾಲಿನ ಕೆಲಸ. ಇದನ್ನು ಮೊದಲ ಸಲ ಕೇಳಿದಾಗ ನನಗೆ ವಚನಕಾರರ ಬಯಲು ನೆನಪಾಯಿತು. ಎರಡೂ ಒಂದೇ ಎಂದು ಹೇಳಿಬಿಡುವ ಚಪಲವನ್ನು ಕಷ್ಟಪಟ್ಟು ತಡೆದುಕೊಂಡೆ. ನಮ್ಮ ಬಯಲಲ್ಲಿ ಎಲ್ಲವೂ ಕರಗಿ ಒಂದಾಗುತ್ತದೆ. ಅಲ್ಲಿ ದೇವರು ಸರಿದು ಜಾಗ ಬಿಟ್ಟುಕೊಡುತ್ತಾನೆ. ದಾರಿ ಬೇರೆ.

ಸಬಾ ಹುಟ್ಟಿದ್ದು ರುಮೇನಿಯಾದಲ್ಲಿ. ಎರಡನೇ ಮಹಾಯುದ್ಧ ಮುಗಿದ ಮೇಲೆ ಹುಡುಗನಾಗಿ ಇಸ್ರೇಲಿಗೆ ಬಂದು ಹೈಫಾದಲ್ಲಿ ಅಂಗಡಿಗಳ ಬೋರ್ಡು ಬರೆಯುತ್ತಿದ್ದರು. ಅಕ್ಷರದ ಮೇಲಿನ ಹಿಡಿತ ಬಂದದ್ದು ಅಲ್ಲಿಂದ. 1960ರ ದಶಕದಲ್ಲಿ ಸಫೇದಿನ ಕಲಾವಿದರ ಕೇರಿಯಲ್ಲಿ ಮನೆ ಹಿಡಿದರು. ಆ ಕೇರಿ 1948ರ ಮೇ ತನಕ ಅರಬ್ಬರದಾಗಿತ್ತು. ಯುದ್ಧದಲ್ಲಿ ಅವರು ಊರು ಬಿಡಬೇಕಾಯಿತು, ಖಾಲಿಯಾದ ಕಲ್ಲಿನ ಮನೆಗಳಿಗೆ ಚಿತ್ರಕಾರರು ಬಂದರು. ಸಬಾರ ಬಾಗಿಲಿನ ಮೇಲಿನ ಕಲ್ಲಿನಲ್ಲಿ ಅರಬ್ಬಿಯ ಒಂದು ಸಾಲು ಹಾಗೇ ಇತ್ತು. ಅದರ ಮೇಲೆ ಸುಣ್ಣ ಬಳಿಯಲು ಅವರು ಒಮ್ಮೆಯೂ ಬಿಡಲಿಲ್ಲವಂತೆ.

ಧರ್ಮಶ್ರದ್ಧೆಯ ಮನುಷ್ಯರಲ್ಲ. ಆದರೂ ಸಂಜೆ ಹೊತ್ತು ಪಕ್ಕದ ಮನೆಯ ಮುದುಕರೊಬ್ಬರ ಜೊತೆ ಜೋಹರ್ ಓದಲು ಕುಳಿತುಕೊಳ್ಳುತ್ತಿದ್ದರು; 13ನೇ ಶತಮಾನದ ಕೊನೆಗೆ ಸ್ಪೇನಿನಲ್ಲಿ ಬೆಳಕಿಗೆ ಬಂದ, ಕಬ್ಬಾಲಾದವರ ಮೂಲ ಗ್ರಂಥ ಅದು. ಅಲ್ಲಿಂದ ಕೊರ್ದೊವೆರೊ ಅವರ ಬಣ್ಣಗಳ ಅಧ್ಯಾಯಕ್ಕೆ ಬಂದರು. ದೈವಶಕ್ತಿಯ ಹತ್ತು ನೆಲೆಗಳಿಗೆ, ಅಂದರೆ ಸೆಫಿರೋತ್‌ಗಳಿಗೆ, ಬಣ್ಣಗಳಿವೆ: ಬಲಗಡೆಯ ಕೃಪೆಗೆ ಬಿಳಿ, ಎಡಗಡೆಯ ದಂಡನೆಗೆ ಕೆಂಪು, ನಡುವೆ ಹಸಿರು. ಆದರೆ ಅದೇ ಕೊರ್ದೊವೆರೊ, ನೀರನ್ನು ಬಣ್ಣಬಣ್ಣದ ಪಾತ್ರೆಗಳಿಗೆ ಹೊಯ್ದರೆ ನೀರಿಗೆ ಬಣ್ಣ ಬಂದಂತೆ ಕಾಣುತ್ತದೆ, ನೀರಿಗೆ ಸ್ವಂತ ಬಣ್ಣವಿಲ್ಲ ಎಂದೂ ಎಚ್ಚರಿಸುತ್ತಾರೆ. ಸಬಾರ ಎಲ್ಲ ಚಿತ್ರಗಳ ಹಿಂದೆಯೂ ಈ ಎಚ್ಚರವಿದೆ ಎಂದು ನನ್ನ ಎಣಿಕೆ. ಆಕೃತಿ ಇಲ್ಲ, ಮರ ಇಲ್ಲ, ಪ್ರವಾಸಿಗರಿಗೆ ಮಾರುವಂಥ ಸರಕು ಇಲ್ಲ. ಮೂರು ಬಣ್ಣಗಳ ಪದರಗಳು ಒಂದರೊಳಗೊಂದು ಇಳಿದು ನಡುವೆ ಎಲ್ಲೋ ತೆಳುವಾಗುತ್ತವೆ, ಅಷ್ಟೆ.

ಬೂಷ್ಟು

ಸಬಾರಿಗೆ ಪಾರ್ಶ್ವವಾಯು ಹೊಡೆದು ಮಾತು ಬಹುಮಟ್ಟಿಗೆ ಹೋಯಿತು. ಮಗಳು ತನ್ನ ಮನೆಗೆ ಕರೆದೊಯ್ದರು. ಬೀಗ ಹಾಕಿದ ಮನೆಯ ಕೆಳಗಿನ ಕೋಣೆಯಲ್ಲಿ ಕ್ಯಾನ್ವಾಸುಗಳನ್ನು ಗೋಡೆಗೆ ಒರಗಿಸಿ ಇಟ್ಟಿದ್ದರು. ಎರಡು ಚಳಿಗಾಲದ ಮಳೆ ಗೋಡೆಯ ಬಿರುಕಿನಿಂದ ಒಳಗಿಳಿಯಿತು.

ಬೋರ್ಡು ಬರೆಯುವವರ ಅಭ್ಯಾಸದಂತೆ ಅವರು ಕ್ಯಾನ್ವಾಸಿಗೆ ಸೀಮೆಸುಣ್ಣದ ಪುಡಿಯನ್ನು ಸರೇಸಿನಲ್ಲಿ ಕಲಸಿ ಅಸ್ತರು ಹಾಕುತ್ತಿದ್ದರು. ಸರೇಸು ಎಂದರೆ ತೊಗಲು ಮೂಳೆ ಕುದಿಸಿ ತೆಗೆದ ಅಂಟು, ಬೂಷ್ಟಿಗೆ ಮೃಷ್ಟಾನ್ನ. ಗಾಳಿಯ ತೇವ ಶೇ. 65–70 ದಾಟಿತೆಂದರೆ ಅದರಲ್ಲಿ ಬೂಷ್ಟು ಏಳುತ್ತದೆ. ಅಂಟು ತೇವಕ್ಕೆ ಉಬ್ಬಿ, ಒಣಗಿದಾಗ ಕುಗ್ಗಿ, ಮೇಲಿನ ಬಣ್ಣವನ್ನು ಹಕ್ಕಳೆ ಎಬ್ಬಿಸುತ್ತದೆ. ಚಿನ್ನದ ರೇಕು ಎಂದು ಅವರು ಅಂಟಿಸಿದ್ದು ಹಿತ್ತಾಳೆಯ ರೇಕು. ಅದು ಕಿಲುಬು ಹಿಡಿದು ಹಸಿರಾಗಿತ್ತು. ನಡುವಿನ ಹಸಿರು ಎಷ್ಟು ಅವರದು, ಎಷ್ಟು ಕಿಲುಬಿನದು ಎಂದು ಬಿಡಿಸುವುದಕ್ಕೇ ವಾರ ಹಿಡಿಯಿತು.

ಒಂದು ಸಂಗ್ರಹಾಲಯ ಹನ್ನೆರಡು ಚಿತ್ರಗಳನ್ನು ಕೊಳ್ಳಲು ಮುಂದೆ ಬಂದಿತ್ತು. ಮಗಳಿಗೆ ದುಡ್ಡಿನ ಅಗತ್ಯ ನಿಜವಾಗಿಯೂ ಇತ್ತು. ಅಪ್ಪನ ಆರೈಕೆಯ ಖರ್ಚು ಸಣ್ಣದಲ್ಲ. ನನಗೆ ವಹಿಸಿದ ಕೆಲಸ ಸರಳ: ಬೂಷ್ಟು ತೆಗೆ, ಹಕ್ಕಳೆ ಕೂರಿಸು, ಶುಚಿ ಮಾಡು, ಪೂರ್ತಿ ಕೆಟ್ಟದ್ದನ್ನು ಪಟ್ಟಿ ಮಾಡಿ ಬಿಸಾಡಲು ಹೇಳು.

ನನ್ನ ತಪ್ಪು

ಚಿತ್ರದ ಮೇಲಿನ ಕೊಳೆ ತೆಗೆಯಲು ನಮ್ಮ ಕಸುಬಿನಲ್ಲಿ ಬಹಳ ಹಳೆಯ ಉಪಾಯವೊಂದಿದೆ: ಎಂಜಲು. ಕಡ್ಡಿಗೆ ಹತ್ತಿ ಸುತ್ತಿ, ನಾಲಗೆಯಲ್ಲಿ ಒದ್ದೆ ಮಾಡಿ, ಚಿತ್ರದ ಮೇಲೆ ಉಜ್ಜದೆ ಉರುಳಿಸುವುದು. ಎಂಜಲಿನ ಕಿಣ್ವಗಳು ಕೊಳೆಯನ್ನು ಮೆತ್ತಗೆ ಬಿಡಿಸುತ್ತವೆ. ದೊಡ್ಡ ದೊಡ್ಡ ಮ್ಯೂಸಿಯಮ್ಮುಗಳಲ್ಲೂ ಇದು ದಿನನಿತ್ಯದ ಕೆಲಸ. ಮೊದಲ ವಾರ ನಾಲ್ಕು ಕ್ಯಾನ್ವಾಸುಗಳ ಮೂಲೆಯಲ್ಲಿ ಹೀಗೆ ಪರೀಕ್ಷೆ ಮಾಡಿದೆ. ಒಳಪದರಗಳ ಚಿತ್ರ ತೆಗೆಯುವ ಇನ್ಫ್ರಾರೆಡ್ ಕ್ಯಾಮೆರಾ ಎರಡನೇ ವಾರ ಬರುವುದಿತ್ತು. ಕಾಯಬಹುದಿತ್ತು, ಕಾಯಲಿಲ್ಲ.

ಇನ್ಫ್ರಾರೆಡ್ ಕಿರಣಗಳಿಗೆ ಅನೇಕ ಬಣ್ಣಗಳು ಗಾಜಿನಂತೆ ಪಾರದರ್ಶಕ. ಇದ್ದಿಲು ಮಾತ್ರ ಅವನ್ನು ಹೀರಿಕೊಂಡು ಕಪ್ಪಗೆ ಕಾಣುತ್ತದೆ. ಮೊದಲ ಕ್ಯಾನ್ವಾಸಿನ ಬಿಳಿ ಕೆಂಪು ಹಸಿರೆಲ್ಲ ಪರದೆಯ ಮೇಲೆ ಮಂಜಿನಂತೆ ಚೆದುರಿ, ಅಸ್ತರಿನ ಮೇಲೆ ನಾಲ್ಕು ಅಕ್ಷರ ಎದ್ದು ಬಂದವು. ಬಲದಿಂದ ಎಡಕ್ಕೆ: ಯೋದ್, ಹೇ, ವಾವ್, ಹೇ. ಬೋರ್ಡು ಬರೆಯುವವನ ನಿಖರ ಕೈ. ಯಹೂದಿಗಳು ಬಾಯಿಬಿಟ್ಟು ಉಚ್ಚರಿಸದ ದೇವರ ಹೆಸರು. ಎರಡನೆಯದರಲ್ಲೂ ಅದೇ. ಮೂರನೆಯದರಲ್ಲೂ.

ಮಗಳ ಮಗ ಪಕ್ಕದಲ್ಲೇ ನಿಂತಿದ್ದ. ಇಪ್ಪತ್ತೆರಡರ ಹುಡುಗ, ಯಹೂದಿ ಧರ್ಮಗ್ರಂಥಗಳ ಪಾಠಶಾಲೆಯಲ್ಲಿ ಓದುವವನು, ತಾಯಿಗಿಂತ ಎಷ್ಟೋ ಪಾಲು ಮಡಿವಂತ. ಪರದೆ ನೋಡಿದ, ನನ್ನ ಹತ್ತಿಕಡ್ಡಿಗಳನ್ನು ನೋಡಿದ. “ನೀವು ಉಗುಳು ಹಚ್ಚಿದ್ದು ಇದರ ಮೇಲೆಯಾ?” ಎಂದು ಮೆಲ್ಲಗೆ ಕೇಳಿದ. ಯಹೂದಿ ಧರ್ಮನಿಯಮಗಳ ಚರ್ಚೆಯ ಗ್ರಂಥವಾದ ತಾಲ್ಮುದಿನ ಸನ್ಹೆದ್ರಿನ್ ಭಾಗದಲ್ಲಿ ಇದಕ್ಕೆ ನೇರವಾದ ಮಾತೇ ಇದೆಯಂತೆ: ಗಾಯಕ್ಕೆ ಮಂತ್ರ ಹಾಕುತ್ತ ಉಗುಳುವವರ ವಿಷಯದಲ್ಲಿ, ಉಗುಳಿನ ಮೇಲೆ ದೇವರ ಹೆಸರೆತ್ತಬಾರದು ಎಂದು.

ಅವನ ಜಾಗದಲ್ಲಿ ಬೇರೆ ಯಾರಿದ್ದರೂ ನಾನು ರಾಸಾಯನಿಕಶಾಸ್ತ್ರದ ಪಾಠ ಶುರು ಮಾಡುತ್ತಿದ್ದೆನೇನೋ. ಆದರೆ ಅವನು ಇಂಗ್ಲಿಷಿನಲ್ಲಿ ಕೇಳಿದ್ದು ನನ್ನ ತಲೆಯಲ್ಲಿ ಕನ್ನಡದಲ್ಲಿ ಬಿತ್ತು: ಎಂಜಲು. ನೈವೇದ್ಯಕ್ಕಿಟ್ಟ ಪಾಯಸಕ್ಕೆ ಬೆರಳು ಅದ್ದಿದ್ದಕ್ಕೆ ಅಜ್ಜಿಯ ಕೈಯಲ್ಲಿ ಪೆಟ್ಟು ತಿಂದವಳು ನಾನು. ಕೆನ್ನೆ ಬಿಸಿಯಾಯಿತು. ಅವತ್ತೇ ಟ್ರೈಅಮೋನಿಯಂ ಸಿಟ್ರೇಟಿನ ತೆಳು ದ್ರಾವಣಕ್ಕೆ ಬದಲಾಯಿಸಿದೆ. ಎಂಜಲಿಗೆ ಬದಲಿಯಾಗಿ ಬಳಸುವಂಥದ್ದೇ ಅದು, ಕೆಲಸವೂ ಹೆಚ್ಚುಕಡಿಮೆ ಅಷ್ಟೇ ಚೆನ್ನ. ಮೊದಲ ದಿನವೇ ಅದನ್ನು ಹಿಡಿದಿದ್ದರೆ ಏನೂ ಆಗುತ್ತಿರಲಿಲ್ಲ.

ಬಿಸಾಡುವಂತಿಲ್ಲ

ನಿಜವಾದ ತೊಡಕು ಎಂಜಲಿನದಲ್ಲ. ಬೈಬಲಿನ ಧರ್ಮೋಪದೇಶಕಾಂಡದ ಹನ್ನೆರಡನೇ ಅಧ್ಯಾಯವನ್ನು ಆಧಾರ ಮಾಡಿಕೊಂಡು, ಬರೆದ ದೇವರ ಹೆಸರನ್ನು ಅಳಿಸಬಾರದು ಎಂಬ ನಿಯಮ ಬೆಳೆದಿದೆ. ಇಂಥ ಏಳು ಹೆಸರುಗಳನ್ನು 12ನೇ ಶತಮಾನದ ಯಹೂದಿ ಧರ್ಮಪಂಡಿತ ಮೈಮೊನಿಡೀಸ್ ಪಟ್ಟಿ ಮಾಡುತ್ತಾರೆ. ಯಹೂದಿಗಳ ಮೂಲ ಧರ್ಮಗ್ರಂಥವಾದ ತೋರಾದ ಸುರುಳಿ ಬರೆಯುವ ಲಿಪಿಕಾರನ ಕೈ ಆ ಹೆಸರಿನಲ್ಲಿ ತಪ್ಪಿದರೆ ಕೆರೆದು ತಿದ್ದುವಂತಿಲ್ಲ; ಆ ಹಾಳೆಯನ್ನೇ ತೆಗೆದು ಬೇರೆ ಬರೆಯಬೇಕು. ಸವೆದ ಬರಹಗಳನ್ನು ‘ಗೆನಿಜಾ’ದಲ್ಲಿ, ಅಂದರೆ ಬರಹಗಳ ಉಗ್ರಾಣದಲ್ಲಿ ಕೂಡಿಟ್ಟು, ಆಮೇಲೆ ಸ್ಮಶಾನದಲ್ಲಿ ಹೂಳುತ್ತಾರೆ.

ಗೆನಿಜಾ ಎಂಬ ಮಾತು ಮಂಗಳೂರಿನವಳಿಗೆ ಹೊಸದಲ್ಲ. ಕೈರೋದ ಬೆನ್ ಎಜ್ರಾ ಸಿನಗಾಗಿನಲ್ಲಿ (ಯಹೂದಿಗಳ ಪ್ರಾರ್ಥನಾಮಂದಿರದಲ್ಲಿ) ಹೀಗೆ ಹೂಳದೆ ಉಳಿದ ಕಾಗದಗಳನ್ನು 1896–97ರಲ್ಲಿ ವಿದ್ವಾಂಸ ಸಾಲೊಮನ್ ಶೆಕ್ಟರ್ ಕೇಂಬ್ರಿಜಿಗೆ ಸಾಗಿಸಿದರು. ಅಲ್ಲಿರುವ ತುಣುಕುಗಳೇ ಸುಮಾರು 1,93,000. ಅದರೊಳಗೆ 12ನೇ ಶತಮಾನದಲ್ಲಿ ನಮ್ಮ ಮಂಗಳೂರಿನಲ್ಲಿದ್ದು ಮೆಣಸು, ಅಡಿಕೆ, ಕಂಚಿನ ಪಾತ್ರೆಗಳ ವ್ಯಾಪಾರ ಮಾಡಿದ ಅಬ್ರಹಾಂ ಬೆನ್ ಯಿಜು ಎಂಬ ಯಹೂದಿಯ ಪತ್ರಗಳಿವೆ, ಅವನ ಆಳು ಬೊಮ್ಮನ ಹೆಸರಿದೆ. ಅಳಿಸಲು ಹೆದರಿದವರ ದಯೆಯಿಂದ ಎಂಟುನೂರು ವರ್ಷ ಹಿಂದಿನ ನಮ್ಮೂರಿನ ಲೆಕ್ಕಪತ್ರ ಉಳಿಯಿತು. ಇದನ್ನು ಹುಡುಗನಿಗೆ ಹೇಳಿದೆ. ಅವನು ನಕ್ಕದ್ದು ಅವತ್ತೇ ಮೊದಲು.

ಮನೆಯೊಳಗೆ ಮಾತ್ರ ನಗು ಇರಲಿಲ್ಲ. “ಅದು ಚಿತ್ರ, ಅಪ್ಪ ಚಿತ್ರಕಾರ, ಪೂಜಾರಿಯಲ್ಲ” ಎಂದು ಮಗಳು. ಮೊದಲು ಕೇಳಿದ ರಬ್ಬಿ, ಅಂದರೆ ಯಹೂದಿ ಧರ್ಮಗುರು, 37ನ್ನೂ ಹೂಳಿ ಎಂದುಬಿಟ್ಟರು. ಎರಡನೆಯವರು ತಾಳ್ಮೆಯವರು, ಸ್ವತಃ ಲಿಪಿಕಾರರು. ಹೆಸರಿನ ಮೇಲೆ ಬಣ್ಣ ಮುಚ್ಚಿದ್ದು ಅಳಿಸಿದಂತಲ್ಲ. ಹಕ್ಕಳೆ ಕೂರಿಸುವುದು ಹೆಸರನ್ನು ಉಳಿಸುವ ಕೆಲಸವೇ ಆದ್ದರಿಂದ ಧಾರಾಳವಾಗಿ ಮಾಡಿ ಎಂದರು. ಪೂರ್ತಿ ಕೆಟ್ಟವುಗಳ ವಿಷಯಕ್ಕೆ ಬಂದಾಗ ಒಂದು ಪ್ರಶ್ನೆ ಹಾಕಿದರು: ಬರೆಯುವಾಗ ಅವರ ಸಂಕಲ್ಪ ಏನಿತ್ತು? ಬರಿಯ ರೇಖೆಯೆಂದು ಬರೆದರೋ, ಹೆಸರೆಂದು ಬರೆದರೋ?

ಮಧ್ಯೆ ಮಗಳಿಗೆ ಒಂದು ಆಸೆ ಹುಟ್ಟಿತ್ತು. ಕೆಲವು ಕ್ಯಾನ್ವಾಸುಗಳಲ್ಲಿ ಕೊನೆಯ ಹೇ ಅಕ್ಷರಕ್ಕೆ ಎಡಗಾಲು ಇರಲಿಲ್ಲ. ಹೆಸರೇ ಪೂರ್ತಿಯಿಲ್ಲ ಎಂದಮೇಲೆ ನಿಯಮ ಎಲ್ಲಿಂದ ಬಂತು? ಮಗ ಮೈಮೊನಿಡೀಸ್ ತೆರೆದು ತೋರಿಸಿದ: ಮೊದಲ ಎರಡಕ್ಷರ ಬರೆದರೂ ಸಾಕು, ಅಳಿಸುವಂತಿಲ್ಲ, ಅದೂ ಒಂದು ಹೆಸರೇ. ಆ ಬಾಗಿಲೂ ಮುಚ್ಚಿತು.

ಅಜ್ಜನನ್ನು ಕೇಳಿದ್ರಾ?

ಸಬಾರನ್ನು ನೋಡಿಕೊಳ್ಳುತ್ತಿದ್ದವರು ದಕ್ಷಿಣ ಕನ್ನಡದ ಹೆಂಗಸು. ಇಸ್ರೇಲಿನಲ್ಲಿ ಮುದುಕರ ಆರೈಕೆಗೆ ಬಂದ ನಮ್ಮ ಕರಾವಳಿಯವರು ಬಹಳ ಮಂದಿ. ಒಂದು ಸಂಜೆ ನಾನು ಚಹಾಕ್ಕೆ ಹೋದಾಗ ರಬ್ಬಿ ಹೀಗಂದರು, ಮಗಳು ಹಾಗಂದರು ಎಂದು ಎಲ್ಲ ಒದರಿದೆ. ಅವರು ಲೋಟ ಕೆಳಗಿಟ್ಟರು.

“ಅಲ್ಲ ಅಕ್ಕಾ, ಇಷ್ಟೆಲ್ಲ ಜನರ ಹತ್ರ ಕೇಳಿದ್ರಿ. ಅಜ್ಜನ ಹತ್ರ ಕೇಳಿದ್ರಾ?”

“ಅವರಿಗೆ ಮಾತೇ ಬರೋದಿಲ್ವಲ್ಲ.”

“ಮಾತು ಇಲ್ಲ ಮಾರಾಯ್ರೆ, ತಲೆ ಇಲ್ವಾ? ನನ್ನ ಮೊಬೈಲಲ್ಲಿ ಫೋಟೋ ತೋರಿಸಿದ್ರೆ ಬೇಕಾದ್ದನ್ನ ಬೆರಳಿಟ್ಟು ತೋರಿಸ್ತಾರೆ. ಪ್ರಾರ್ಥನೆಯಂತೂ ಒಂದಕ್ಷರ ಬಿಡದೆ ಹೇಳ್ತಾರೆ. ನೀರು ಬೇಕು ಅನ್ಲಿಕ್ಕೆ ಮಾತ್ರ ಆಗೋದಿಲ್ಲ.”

ಪಾರ್ಶ್ವವಾಯುವಿನಲ್ಲಿ ಹೊಸ ಮಾತು ಕಟ್ಟಲಾಗದವರಿಗೂ ಬಾಯಿಪಾಠದ್ದು, ಹಾಡಿನದ್ದು ಉಳಿಯುವುದುಂಟು ಎಂದು ನಾನೂ ಓದಿದ್ದೆ. ತಿಂಗಳುಗಟ್ಟಲೆ ಆ ಮನೆಯಲ್ಲೇ ಓಡಾಡಿದರೂ ಯಾರಿಗೂ ಹೊಳೆದಿರಲಿಲ್ಲ.

37 ಚಿತ್ರಗಳ ಫೋಟೋಗಳನ್ನು ಅಂಗೈಯಗಲ ಮುದ್ರಿಸಿಕೊಂಡು ಹೋದೆವು. ರಬ್ಬಿ ಸಬಾರ ಎದುರಿಗೆ ಕೂತು, ಪರದೆಯ ಮೇಲೆ ಕಂಡ ಅಕ್ಷರಗಳ ಚಿತ್ರ ಮೇಜಿನ ಮೇಲಿಟ್ಟು, ಇದನ್ನು ಏನೆಂದು ಬರೆದಿರಿ ಎಂದು ಹೀಬ್ರೂವಿನಲ್ಲಿ ಕೇಳಿದರು. ಸಬಾ ಬಹಳ ಹೊತ್ತು ಸುಮ್ಮನಿದ್ದರು. ಬಲಗೈ ಮಡಿಲಲ್ಲಿ ಸತ್ತಂತೆ ಬಿದ್ದಿತ್ತು. ಎಡಗೈಯ ತೋರುಬೆರಳನ್ನು ಯೋದ್ ಅಕ್ಷರದ ಮೇಲಿಟ್ಟು, ಕುತ್ತಿಗೆ ನೆಟ್ಟಗೆ ಮಾಡಿ, ಒಂದು ವಾಕ್ಯ ಹೇಳಿದರು. ತೊದಲಲಿಲ್ಲ. ನನಗೆ ಅರ್ಥವಾಗಲಿಲ್ಲ, ರಬ್ಬಿ ಎದ್ದು ನಿಂತದ್ದಷ್ಟೇ ಕಂಡಿತು. ತೋರಾ ಬರೆಯುವ ಲಿಪಿಕಾರರು ಪ್ರತಿಸಲ ಆ ಹೆಸರಿಗೆ ಲೇಖನಿ ಹಚ್ಚುವ ಮೊದಲು ಬಾಯಿಬಿಟ್ಟು ಹೇಳುವ ಸಂಕಲ್ಪ ಅದು: ಹೆಸರಿನ ಪಾವಿತ್ರ್ಯಕ್ಕಾಗಿ ಬರೆಯುತ್ತಿದ್ದೇನೆ ಎಂದು. ಮಗಳು ಅಡಿಗೆಮನೆಗೆ ಹೋದರು, ನಲ್ಲಿ ಬಿಟ್ಟ ಸದ್ದು ಕೇಳಿಸಿತು.

ಅಲ್ಲಿಗೆ ಸಂಕಲ್ಪದ ಪ್ರಶ್ನೆ ಮುಗಿಯಿತು. ಯಾವುದರಲ್ಲಿ ಹೆಸರಿದೆ, ಯಾವುದರಲ್ಲಿ ಇಲ್ಲ ಎಂಬುದು ಉಳಿಯಿತು. ನಡುವೆ ಕೆಲ ವರ್ಷ ಅವರು ಇದ್ದಿಲು ಬಿಟ್ಟು ಸೀಸದ ಬಿಳಿಯಿಂದ ಬರೆದಿದ್ದರು; ಅದು ಇನ್ಫ್ರಾರೆಡ್ಡಿಗೆ ಸಿಗದು, ಎಕ್ಸ್-ರೇಗೆ ಮಾತ್ರ ಕಾಣುವುದು. ಫೋಟೋಗಳನ್ನು ಮುಂದಿಟ್ಟೆವು. ಹೆಸರಿದ್ದವು ಒಂದು ಕಡೆ, ಇಲ್ಲದವು ಒಂದು ಕಡೆ ಎಂದು ಎಡಗೈಯಲ್ಲಿ ಸರಸರ ಹಂಚಿದರು. ಮೂರು ಫೋಟೋಗಳನ್ನು ಮಾತ್ರ ಬೇರೆಯೇ ಇಟ್ಟು, ಬೋರಲು ಹಾಕಿದರು.

ಆ ಮೂರು ಏನೆಂದು ಯಾರಿಗೂ ತಿಳಿಯಲಿಲ್ಲ. ಅತಿ ಪವಿತ್ರವಾದವು ಎಂದು ಮೊಮ್ಮಗ. ಮರೆವು ಎಂದು ಮಗಳು. ಮುಂದಿನ ಎರಡು ವಾರದಲ್ಲಿ ಎರಡು ಸಲ, ಫೋಟೋಗಳನ್ನು ಕಲಸಿ ಮತ್ತೆ ಕೊಟ್ಟೆವು. ಎರಡು ಸಲವೂ ಅದೇ ಮೂರು ಬೋರಲು ಬಿದ್ದವು. ಕೊನೆಗೆ ಆರೈಕೆಯ ಹೆಂಗಸೇ ಒಂದನ್ನೆತ್ತಿ, ಮೂಗು ಸೊಟ್ಟಗೆ ಮಾಡಿ, “ಇದು ಚೆನ್ನಾಗಿಲ್ವಾ ಸಬಾ?” ಎಂದು ತನ್ನ ಹರಕು ಹೀಬ್ರೂವಿನಲ್ಲಿ ಕೇಳಿದರು. ಸಬಾ ಗಹಗಹಿಸಿ ನಕ್ಕು ತಲೆ ಆಡಿಸಿದರು. ಕೆಟ್ಟ ಚಿತ್ರಗಳು, ಅಷ್ಟೆ. ಹೆಸರಿರುವುದರಿಂದ ಹರಿಯಲೂ ಆಗದೆ, ಮೇಲೆ ಬೇರೆ ಬರೆಯಲೂ ಮನಸ್ಸಾಗದೆ ನಲವತ್ತು ವರ್ಷ ಗೋಡೆಗೆ ಮುಖ ಮಾಡಿ ನಿಲ್ಲಿಸಿದ್ದವು. ಅವನ್ನು ಹೂಳಬೇಕು ಎಂದು ಕೈಸನ್ನೆಯಲ್ಲೇ ಹೇಳಿದರು. ಅವುಗಳಲ್ಲಿ ಒಂದು, ಸಂಗ್ರಹಾಲಯದವರು ಎಲ್ಲಕ್ಕಿಂತ ಹೆಚ್ಚು ಬೆಲೆ ಕಟ್ಟಿದ್ದ ದೊಡ್ಡ ಚಿತ್ರ.

ಆಮೇಲೆ

ಆ ದೊಡ್ಡದು ನನ್ನ ಕಣ್ಣಿಗೂ ಸಂಗ್ರಹದ ಅತ್ಯುತ್ತಮ ಚಿತ್ರವೇ. ಬಣ್ಣ ತೆಳುವಾಗುವ ನಡುಭಾಗದಲ್ಲಿ ಕಣ್ಣು ನಿಲ್ಲುವುದೇ ಇಲ್ಲ, ಜಾರಿ ಒಳಗೆ ಹೋಗುತ್ತದೆ. ಹಾಗೆಂದು ಸಬಾರ ಮುಂದೆ ವಾದಿಸುವ ಹಕ್ಕು ನನಗಿರಲಿಲ್ಲ. ಚಿತ್ರ ಅವರದು, ಅವರು ಬದುಕಿದ್ದಾರೆ, ಮೂರು ಸಲ ಕೇಳಿದಾಗಲೂ ಉತ್ತರ ಒಂದೇ. ಮಗಳು ಅಪ್ಪನ ಜೊತೆ ಚೌಕಾಸಿ ಮಾಡಿದರು: ನೀನಿರುವ ತನಕ ನನ್ನ ಮನೆಯಲ್ಲಿರಲಿ, ಮಾರುವುದಿಲ್ಲ. ಅವರು ಒಪ್ಪಿದರು. ಉಳಿದ ಎರಡು, ಮತ್ತು ಬೂಷ್ಟಿಗೆ ಪೂರ್ತಿ ಬಲಿಯಾದ ಇನ್ನೊಂದು, ವಸಂತದಲ್ಲಿ ಮಣ್ಣಿಗೆ ಹೋದವು. ಸಂಗ್ರಹಾಲಯ ಹನ್ನೊಂದನ್ನು ಕೊಂಡಿತು. ಅವುಗಳಲ್ಲಿ ಎರಡರ ವಿವರಪಟ್ಟಿಯಲ್ಲಿ ಒಳಪದರದ ಅಕ್ಷರಗಳ ಮಾತೇ ಇಲ್ಲ. ಸಬಾ ಅವನ್ನು ತೋರಿಸಬೇಡಿ ಎಂದಿದ್ದರು. ಹೀಗೆ ಮುಚ್ಚಿಡುವುದು ವಿದ್ವತ್ತಿಗೆ ದ್ರೋಹ ಎಂದು ಒಬ್ಬ ಸಹೋದ್ಯೋಗಿ ನನ್ನ ಜೊತೆ ಈಗಲೂ ಜಗಳವಾಡುತ್ತಾರೆ. ಅವರ ಮಾತಿನಲ್ಲೂ ಹುರುಳಿದೆ. ಮುಚ್ಚುವುದಕ್ಕೆಂದೇ ಬರೆದದ್ದನ್ನು ಬಿಚ್ಚಿ ತೋರಿಸುವುದು ಹೇಗೆ ಎಂಬುದಕ್ಕೆ ಮಾತ್ರ ಅವರಲ್ಲೂ ಉತ್ತರವಿಲ್ಲ.

ನನ್ನ ಕಾರ್ಯವಿಧಾನದಲ್ಲಿ ಮೂರು ಬದಲಾವಣೆಗಳಾದವು. ಒಳಪದರ ನೋಡದೆ ಮೇಲ್ಪದರ ಮುಟ್ಟುವುದಿಲ್ಲ, ಪರೀಕ್ಷೆಗೂ ಸಹ. ಚಿತ್ರ ಬರೆದವರು ಬದುಕಿದ್ದರೆ, ಅವರಿಗೆ ಮಾತು ಇಲ್ಲ ಎಂದು ಮನೆಯವರು ಹೇಳಿದರೂ, ಮೊದಲ ಭೇಟಿ ಅವರ ಜೊತೆಗೇ. ಜೊತೆಗೆ ಅವರನ್ನು ದಿನವಿಡೀ ನೋಡಿಕೊಳ್ಳುವವರ ಜೊತೆ. ಇನ್ನು, ವರದಿಯಲ್ಲಿ ‘ತೆಗೆದ ವಸ್ತು’ ಎಂಬ ಕಾಲಮ್ಮಿನ ಪಕ್ಕ ‘ಎಲ್ಲಿಗೆ ಹೋಯಿತು’ ಎಂಬ ಕಾಲಮ್ಮು ಸೇರಿಸಿದ್ದೇನೆ. ಅದಕ್ಕೂ ಮೊದಲು ಅದು ಕಸದ ಬುಟ್ಟಿಗೆ ಹೋಗುತ್ತಿತ್ತು, ಬರೆಯುವ ಅಗತ್ಯ ಕಂಡಿರಲಿಲ್ಲ.

ಆ ಕಾಲಮ್ಮು ಬಂದದ್ದು ಹತ್ತಿಕಡ್ಡಿಗಳಿಂದ. ಹೆಸರಿನ ಪದರದವರೆಗೆ ಮುಟ್ಟಿದ ಹತ್ತಿಯಲ್ಲಿ ಇದ್ದಿಲಿನ ಕಣ ಇರಬಹುದಲ್ಲ. ಒಂದನ್ನೂ ಎಸೆಯದೆ ಗಾಜಿನ ಭರಣಿಯಲ್ಲಿ ತುಂಬಿಡುತ್ತಿದ್ದೆವು. ಮೊಮ್ಮಗ ದಿನವೂ ಎಣಿಸಿ ಚೀಟಿ ಅಂಟಿಸುತ್ತಿದ್ದ. ಕ್ಯಾನ್ವಾಸುಗಳ ಜೊತೆ ಭರಣಿಯನ್ನೂ ಹೂಳಿದರು.

ಸಬಾ ಈಗಿಲ್ಲ. ದೊಡ್ಡ ಚಿತ್ರ ಏನಾಯಿತು ಎಂಬುದನ್ನು ಬರೆಯಬೇಡಿ ಎಂದು ಮಗಳು ಕೇಳಿಕೊಂಡಿದ್ದಾರೆ.

ಮಂಗಳೂರಿಗೆ ಬಂದು ಪೆಟ್ಟಿಗೆ ಬಿಚ್ಚಿದಾಗ ಉಪಕರಣಗಳ ಚೀಲದ ಮೂಲೆಯಲ್ಲಿ ಒಂದು ಹತ್ತಿಕಡ್ಡಿ ಸಿಕ್ಕಿತು. ತುದಿಯಲ್ಲಿ ಬೂದುಬಣ್ಣದ ಕಲೆ. ಇದ್ದಿಲೋ ಬರಿಯ ಧೂಳೋ ಗೊತ್ತಿಲ್ಲ. ಹುಡುಗನಿಗೆ ಫೋನ್ ಮಾಡಿದೆ. ಅಂಚೆಯಲ್ಲಿ ಕಳಿಸಬೇಡಿ, ಮುಂದಿನ ಸಲ ಬರುವಾಗ ತನ್ನಿ ಎಂದ. ಒಂದು ಸಣ್ಣ ಶೀಶೆಯಲ್ಲಿ ಹಾಕಿ ಮೇಜಿನ ಖಾನೆಯಲ್ಲಿ ಇಟ್ಟಿದ್ದೇನೆ. ಮಳೆಗಾಲದಲ್ಲಿ ಬೂಷ್ಟು ಬಾರದಂತೆ ಆಗಾಗ ತೆಗೆದು ನೋಡುತ್ತಿರುತ್ತೇನೆ.